ಹಳೆಯ ಪುಸ್ತಕ ಮುಚ್ಚಿ ಹೊಸ ಪುಸ್ತಕ ತೆರೆದಾಗ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಲ್ಲಿ ಎರಡು ಬಗೆಯ ಕಚೇರಿಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಅಕ್ಕಪಕ್ಕದಲ್ಲಿ ಕೆಲಸ ಮಾಡುತ್ತವೆ. ಒಂದು, ಮನೆಯ ಮಹಡಿಯ ಮೇಲೋ ವಾಣಿಜ್ಯ ಕಟ್ಟಡದ ಒಂದು ಮೂಲೆಯಲ್ಲೋ ಕುಳಿತು ತಂತ್ರಾಂಶ ಬರೆಯುವ ಕಂಪನಿ. ಇನ್ನೊಂದು, ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಪತ್ರಗಳನ್ನು ಹಿಡಿದ ಜನ ಬೆಳಗಿನಿಂದ ಕಾಯುವ ಉಪನೋಂದಣಾಧಿಕಾರಿಗಳ ಕಚೇರಿ. ಮೊದಲನೆಯದರಲ್ಲಿ ಇಪ್ಪತ್ತೈದರ ಯುವಕರು, ಎರಡನೆಯದರಲ್ಲಿ ಹೆಚ್ಚಾಗಿ ಅವರ ತಂದೆತಾಯಿಯರ ವಯಸ್ಸಿನವರು. ಆದರೆ ಎರಡೂ ಕಡೆ ಒಂದು ಕೆಲಸ ಸಮಾನವಾಗಿದೆ. ಏನು ಬದಲಾಯಿತು, ಯಾರು ಬದಲಾಯಿಸಿದರು, ಯಾವ ದಿನ, ಅದಕ್ಕೆ ಮುಂಚೆ ಹೇಗಿತ್ತು ಎಂಬುದನ್ನು ಅಳಿಸಲಾಗದಂತೆ ಬರೆದಿಡುವುದೇ ಆ ಕೆಲಸ.

ತಂತ್ರಾಂಶದವರು ಇದನ್ನು ‘ವರ್ಷನ್ ಕಂಟ್ರೋಲ್’ ಎನ್ನುತ್ತಾರೆ. ಕನ್ನಡದಲ್ಲಿ ಆವೃತ್ತಿ ನಿಯಂತ್ರಣ ಎನ್ನಬಹುದು. ಹತ್ತು ಜನ ಸೇರಿ ಬರೆಯುವ ಲಕ್ಷಾಂತರ ಸಾಲುಗಳ ತಂತ್ರಾಂಶದಲ್ಲಿ ಯಾರೋ ಒಬ್ಬರು ತಿದ್ದಿದ ಒಂದು ಸಾಲಿನಿಂದ ಎಲ್ಲವೂ ಕೆಟ್ಟುಹೋದರೆ, ಹಿಂದಿನ ಸ್ಥಿತಿಗೆ ಮರಳಲು ದಾರಿಯಿರಬೇಕು. ಅದಕ್ಕಾಗಿ ಪ್ರತಿ ತಿದ್ದುಪಡಿಗೂ ಒಂದು ಸಂಖ್ಯೆ, ಒಂದು ಹೆಸರು, ಒಂದು ದಿನಾಂಕ ಕೊಟ್ಟು ಇಡಲಾಗುತ್ತದೆ. ನೋಂದಣಿ ಕಚೇರಿಯ ಋಣಭಾರ ಪತ್ರ, ಅಂದರೆ ಎಲ್ಲರೂ ಇ.ಸಿ. ಎಂದು ಕರೆಯುವ ಕಾಗದ, ಒಂದು ಮನೆ ಅಥವಾ ನಿವೇಶನದ ಬಗ್ಗೆ ಇದನ್ನೇ ಹೇಳುತ್ತದೆ. ಯಾರು ಯಾರಿಗೆ ಮಾರಿದರು, ಯಾರು ಅಡವಿಟ್ಟರು, ಯಾವಾಗ ಬಿಡಿಸಿಕೊಂಡರು ಎಂಬುದರ ಸಾಲುಸಾಲು ಲೆಕ್ಕ ಅದು.

ಇಂಥ ಲೆಕ್ಕವನ್ನು ಒಂದೇ ಪದ್ಧತಿಯಲ್ಲಿ ಎಂದೆಂದಿಗೂ ಇಡಲಾಗುವುದಿಲ್ಲ. ಪುಸ್ತಕ ಹೋಗಿ ಗಣಕಯಂತ್ರ ಬರುತ್ತದೆ. ಒಂದು ತಂತ್ರಾಂಶ ಹೋಗಿ ಇನ್ನೊಂದು ಬರುತ್ತದೆ. ಆಗ ಇಂದಿನ ಸ್ಥಿತಿಯನ್ನು ಹೊಸ ಪುಸ್ತಕಕ್ಕೆ ನಕಲು ಮಾಡುವುದು ಸುಲಭ. ಇಂದಿನವರೆಗಿನ ಚರಿತ್ರೆಯನ್ನು ಸಾಗಿಸುವುದೇ ಕಷ್ಟ. ಬೆಂಗಳೂರಿನ ದಕ್ಷಿಣ ಭಾಗದ ಸಾವಿರಾರು ಕುಟುಂಬಗಳು ಇಂದು ಕಚೇರಿಯಿಂದ ಕಚೇರಿಗೆ ಅಲೆಯುವುದಕ್ಕೆ ಒಂದು ಕಾರಣ ಈ ವ್ಯತ್ಯಾಸದಲ್ಲಿದೆ.

ಅಳಿಸಬಹುದಾಗಿದ್ದ ಕಡತ

ಸರ್ಕಾರಿ ಕಚೇರಿಯ ‘ಫೈಲ್’ಗೆ ನಾವು ಬಳಸುವ ‘ಕಡತ’ ಎಂಬ ಮಾತಿನ ಹಿಂದೆ ಒಂದು ಹಳೆಯ ವಸ್ತುವಿದೆ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಕಪ್ಪು ಹೊತ್ತಗೆಯೇ ಕಡತ. ಅದರ ಮೇಲೆ ಬಳಪದಿಂದ ಬಿಳಿಯ ಅಕ್ಷರ ಬರೆಯುತ್ತಿದ್ದರು. ಶಾನುಭೋಗರು, ವರ್ತಕರು, ಮಠಗಳವರು ಇದನ್ನು ಬಳಸುತ್ತಿದ್ದರು. ಶೃಂಗೇರಿ ಮಠದ ಕಡತಗಳು ಚರಿತ್ರೆಕಾರರಿಗೆ ಇಂದಿಗೂ ಆಕರಗಳು.

ಕಡತದ ಅನುಕೂಲವೇ ಅದರ ದೋಷವೂ ಆಗಿತ್ತು. ಒರೆಸಿ ಮತ್ತೆ ಬರೆಯಬಹುದಾಗಿತ್ತು. ಲೆಕ್ಕ ಬದಲಾದರೆ ಹೊಸ ಅಂಕಿ ಉಳಿಯುತ್ತಿತ್ತು, ಹಳೆಯದು ಮಾಯವಾಗುತ್ತಿತ್ತು. ದಾನಶಾಸನವನ್ನು ಕಲ್ಲಿನಲ್ಲೋ ತಾಮ್ರದಲ್ಲೋ ಕೊರೆಸುತ್ತಿದ್ದವರಿಗೆ ಇದು ಗೊತ್ತಿತ್ತು. ದಿನನಿತ್ಯದ ಲೆಕ್ಕಕ್ಕೆ ಕಡತ, ಆಚಂದ್ರಾರ್ಕವಾಗಿ ಉಳಿಯಬೇಕಾದ ಮಾತಿಗೆ ಕಲ್ಲು ಎಂಬ ವಿಂಗಡಣೆ ಇತ್ತು. ಇವೆರಡರ ನಡುವಿನದು, ಅಂದರೆ ಬದಲಾಗುತ್ತಲೇ ಇರುವ ಆದರೆ ಹಳೆಯದನ್ನು ಕಳೆದುಕೊಳ್ಳದ ದಾಖಲೆ, ವ್ಯವಸ್ಥಿತವಾಗಿ ಬಂದದ್ದು ಕಾಗದದ ರಿಜಿಸ್ಟರುಗಳ ಕಾಲದಲ್ಲಿ.

1908ರ ನೋಂದಣಿ ಕಾಯಿದೆಯ ಪ್ರಕಾರ ಸ್ಥಿರಾಸ್ತಿಗೆ ಸಂಬಂಧಿಸಿದ ಪತ್ರಗಳು ‘1ನೇ ಪುಸ್ತಕ’ದಲ್ಲಿ ದಾಖಲಾಗಬೇಕು. ಉಯಿಲುಗಳಿಗೆ ಬೇರೆ ಪುಸ್ತಕ. 1ನೇ ಪುಸ್ತಕಕ್ಕೆ ಎರಡು ಸೂಚಿಗಳು: ಒಂದರಲ್ಲಿ ಕೊಟ್ಟವರ, ಪಡೆದವರ ಹೆಸರು, ಇನ್ನೊಂದರಲ್ಲಿ ಆಸ್ತಿಯ ವಿವರ. ಈ ಸೂಚಿಗಳನ್ನು ವರ್ಷವರ್ಷಕ್ಕೂ ತಿರುವಿಹಾಕಿ ಸಿಕ್ಕಿದ್ದನ್ನು ಪಟ್ಟಿ ಮಾಡಿದರೆ ಅದೇ ಋಣಭಾರ ಪತ್ರ. ಯಾವುದಾದರೂ ವ್ಯವಹಾರ ಕಂಡರೆ ನಮೂನೆ 15, ಏನೂ ಕಾಣದಿದ್ದರೆ ನಮೂನೆ 16.

ಇಲ್ಲಿ ಒಂದು ಸೊಗಸಾದ ಏರ್ಪಾಡಿದೆ. ಪ್ರತಿ ಕ್ರಯಪತ್ರವೂ ಮಾರುವವರಿಗೆ ಆ ಆಸ್ತಿ ಹೇಗೆ ಬಂತೆಂದು ಹೇಳುತ್ತದೆ. ಹಿಂದಿನ ಪತ್ರದ ಸಂಖ್ಯೆ, ಸಂಪುಟ, ಪುಟಗಳನ್ನು ಹೆಸರಿಸುತ್ತದೆ. ಆ ಹಿಂದಿನ ಪತ್ರ ಅದರ ಹಿಂದಿನದನ್ನು ಹೆಸರಿಸುತ್ತದೆ. ಹೀಗೆ ಕೊಂಡಿ ಕೊಂಡಿಯಾಗಿ ಹಿಂದಕ್ಕೆ ಹೋದರೆ ಮೂಲಪತ್ರ ಸಿಗುತ್ತದೆ. ಇಂದು ತಂತ್ರಾಂಶ ಲೋಕದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ‘ಗಿಟ್’ ಎಂಬ ವ್ಯವಸ್ಥೆಯ ಒಳಗುಟ್ಟು ಕೂಡ ಇದೇ. ಅಲ್ಲಿ ಪ್ರತಿ ತಿದ್ದುಪಡಿಯೂ ತನ್ನ ಹಿಂದಿನ ತಿದ್ದುಪಡಿಯ ಗುರುತನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಆ ಗುರುತು ಒಳಗಿನ ವಿಷಯದಿಂದಲೇ ಗಣಿತದ ಮೂಲಕ ಹುಟ್ಟುವ 40 ಅಕ್ಷರ-ಅಂಕಿಗಳ ಸರಣಿಯಾದ್ದರಿಂದ, ನಡುವೆ ಎಲ್ಲೋ ಒಂದು ಕೊಂಡಿಯನ್ನು ಗುಟ್ಟಾಗಿ ತಿದ್ದಿದರೆ ಮುಂದಿನವೆಲ್ಲ ತಾಳೆಯಾಗದೆ ಹೋಗುತ್ತವೆ. ಕಾಗದದ ಕೊಂಡಿಗೆ ಅಷ್ಟು ಬಿಗಿ ಇಲ್ಲ. ಆದರೆ ತತ್ವ ಒಂದೇ.

ಮೂರು ಪುಸ್ತಕ, ಮೂರು ಮಾತು

ಬನಶಂಕರಿ ಎರಡನೇ ಹಂತದಲ್ಲಿ 1970ರ ದಶಕದ ಆರಂಭದಲ್ಲಿ ನಿವೇಶನ ಪಡೆದ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಆ ಜಾಗ ಅದಕ್ಕೆ ಮುಂಚೆ ಯಾವುದೋ ಹಳ್ಳಿಯ ಹೊಲ. ಅದಕ್ಕೊಂದು ಸರ್ವೆ ನಂಬರು, ಒಂದು ಪಹಣಿ. ಬೆಂಗಳೂರಿನ ದಕ್ಷಿಣದ ಬಡಾವಣೆಗಳೆಲ್ಲ ಹೀಗೆಯೇ ಹಳ್ಳಿಗಳ ಮೇಲೆ ಎದ್ದವು. ಬಿಟಿಎಂ ಎಂಬ ಹೆಸರಿನಲ್ಲೇ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳಿವೆ. 1945ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಭೂಸ್ವಾಧೀನ ಮಾಡಿ ಬಡಾವಣೆ ರಚಿಸಿದಾಗ ಸರ್ವೆ ನಂಬರು ಹಿಂದೆ ಸರಿದು ನಿವೇಶನ ಸಂಖ್ಯೆ ಮುಂದೆ ಬಂತು. ಲೆಕ್ಕ ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಸಾಗಿದ್ದು ಅದೇ ಮೊದಲ ಸಲ. 1976ರಲ್ಲಿ ಮಂಡಳಿಯ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಹಂಚಿಕೆ ಪತ್ರ ಒಂದು ಸಂಸ್ಥೆಯದು, ಶುದ್ಧ ಕ್ರಯಪತ್ರ ಇನ್ನೊಂದರದು ಎಂಬ ಸ್ಥಿತಿ ಹಲವು ಮನೆಗಳಲ್ಲಿ ಉಂಟಾಯಿತು.

ಈ ಕುಟುಂಬದ ಮನೆಯ ಬಗ್ಗೆ ಈಗ ಎರಡು ಕಡೆ ಲೆಕ್ಕವಿದೆ. ನೋಂದಣಿ ಕಚೇರಿಯಲ್ಲಿರುವುದು ನಡೆದ ವ್ಯವಹಾರಗಳ ಸರಣಿ. ಪಾಲಿಕೆಯಲ್ಲಿರುವ ಖಾತೆ ಇಂದಿನ ಸ್ಥಿತಿ, ಅಂದರೆ ಈ ಆಸ್ತಿಗೆ ತೆರಿಗೆ ಕಟ್ಟಬೇಕಾದವರು ಯಾರು ಎಂಬ ಒಂದು ಉತ್ತರ. ಖಾತೆ ಒಡೆತನದ ಪತ್ರವಲ್ಲ ಎಂದು ವಕೀಲರು ಮತ್ತೆ ಮತ್ತೆ ಹೇಳುವುದು ಇದಕ್ಕೇ. ನೋಂದಣಿಯಾದ ಕ್ರಯಪತ್ರ ಕೈಯಲ್ಲಿದ್ದರೂ ಖಾತೆಯಲ್ಲಿ ಹಳೆಯ ಹೆಸರು ಉಳಿದಿರುವುದು ಅಪರೂಪವೇನಲ್ಲ.

ಮೂರನೆಯದಾದ ಪಹಣಿ ಕೃಷಿ ಜಮೀನಿನದು. ಅದು ಖಾತೆಯಂತೆ ಇಂದಿನ ಸ್ಥಿತಿಯನ್ನು ಹೇಳುತ್ತದೆ. ಆದರೆ 9ನೇ ಅಂಕಣದ ಮಾಲೀಕರ ಹೆಸರಿನ ಜತೆಗೆ ಆ ಹಕ್ಕು ಯಾವ ಮ್ಯುಟೇಷನ್‌ನಿಂದ ಬಂತು ಎಂಬುದರ ‘ಎಂ.ಆರ್.’ ಸಂಖ್ಯೆಯನ್ನೂ ಕೊಡುತ್ತದೆ. ಆ ಸಂಖ್ಯೆ ಹಿಡಿದು ಹೋದರೆ ಚರಿತ್ರೆಯ ಪುಸ್ತಕದಲ್ಲಿ ಸರಿಯಾದ ಪುಟಕ್ಕೆ ತಲುಪಬಹುದು. ಇಂದಿನ ಸ್ಥಿತಿಯೊಳಗೇ ಚರಿತ್ರೆಗೆ ಕೈಮರ ಇಟ್ಟ ಜಾಣ್ಮೆ ಇದು.

ಶಾನುಭೋಗರ ಮನೆಯಿಂದ ತಾಲ್ಲೂಕು ಕಚೇರಿಗೆ

ಹಳ್ಳಿಯ ಲೆಕ್ಕ ಬಹುಕಾಲ ವಂಶಪಾರಂಪರ್ಯ ಶಾನುಭೋಗರ ಕೈಯಲ್ಲಿತ್ತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ಆ ಪದ್ಧತಿ ಕೊನೆಗೊಂಡಿತು. ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಪುಸ್ತಕಗಳ ಹಸ್ತಾಂತರ ಸಾಧ್ಯ. ಆದರೆ ಯಾವ ಹೊಲ ಯಾರ ಅಜ್ಜನ ಕಾಲದಲ್ಲಿ ಹೇಗೆ ಪಾಲಾಯಿತು ಎಂಬ ಶಾನುಭೋಗರ ತಲೆಯೊಳಗಿನ ಲೆಕ್ಕವನ್ನು ಯಾವ ಕಾಯಿದೆಯೂ ಹಸ್ತಾಂತರಿಸಲಾರದು.

ನಾಲ್ಕು ದಶಕಗಳ ಬಳಿಕ ಅದಕ್ಕಿಂತ ದೊಡ್ಡ ಸ್ಥಳಾಂತರ ನಡೆಯಿತು. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ಗ್ರಾಮ ಲೆಕ್ಕಿಗರ ಕೈಬರಹದ ಪಹಣಿಯನ್ನು ಗಣಕಕ್ಕೆ ತುಂಬಿ, ಮುದ್ರಿಸಿ, ಅದನ್ನು ಮತ್ತೆ ಅವರಿಂದಲೇ ಪರಿಶೀಲನೆ ಮಾಡಿಸಿ ಸಹಿ ಪಡೆದು, ಆಮೇಲೆ ಹೊಸ ವ್ಯವಸ್ಥೆಯನ್ನು ಚಾಲೂ ಮಾಡಲಾಯಿತು. 2002ರ ಹೊತ್ತಿಗೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು.

ಹಳೆಯ ಪುಸ್ತಕಕ್ಕೆ ಬೀಗ ಹಾಕಿದ ಈ ನಿರ್ಧಾರ ಕಠಿಣವೆನಿಸಬಹುದು. ಆದರೆ ಎರಡು ಪುಸ್ತಕಗಳು ಒಟ್ಟಿಗೆ ನಡೆದರೆ ಯಾವುದು ನಿಜವೆಂದು ಹೇಳುವವರು ಯಾರು? ತಂತ್ರಾಂಶ ಕಂಪನಿಗಳಲ್ಲಿಯೂ ಹೊಸ ವ್ಯವಸ್ಥೆಗೆ ಹೋಗುವ ದಿನ ಹಳೆಯದನ್ನು ‘ಓದಬಹುದು, ಬರೆಯುವಂತಿಲ್ಲ’ ಎಂಬ ಸ್ಥಿತಿಗೆ ತರುತ್ತಾರೆ. ಇನ್ನೊಂದು ಹೋಲಿಕೆಯೂ ಇದೆ. ‘ಭೂಮಿ’ಯಲ್ಲಿ ತಿದ್ದುಪಡಿ ಮಾಡುವ ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಾಗಿತ್ತು. ‘ನಾನು ಮಾಡಿದ್ದಲ್ಲ’ ಎನ್ನಲು ಆಸ್ಪದವಿರಲಿಲ್ಲ. ಅರ್ಜಿಗಳನ್ನು ಬಂದ ಕ್ರಮದಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶವೇ ಒತ್ತಾಯಿಸುತ್ತಿತ್ತು.

2004ರ ಏಪ್ರಿಲ್ 1

ನೋಂದಣಿ ಇಲಾಖೆ ಅದೇ ಸುಮಾರಿನಲ್ಲಿ ‘ಕಾವೇರಿ’ ತಂತ್ರಾಂಶಕ್ಕೆ ಬಂತು. ಪತ್ರದ ಗುರುತೇ ಬದಲಾಯಿತು. ಮೊದಲು ಪತ್ರದ ಸಂಖ್ಯೆ, 1ನೇ ಪುಸ್ತಕದ ಇಂಥ ಸಂಪುಟ, ಇಂಥ ಪುಟಗಳು ಎಂದಿದ್ದ ವಿಳಾಸ, ಈಗ ಕಚೇರಿಯ ಸಂಕೇತಾಕ್ಷರ, ಪುಸ್ತಕ, ಕ್ರಮಸಂಖ್ಯೆ, ವರ್ಷ ಮತ್ತು ಇಂಥ ಸಿ.ಡಿ. ಎಂದಾಯಿತು. ಗಣಕದಿಂದ ಸಿಗುವ ಋಣಭಾರ ಪತ್ರ ಆರಂಭವಾಗುವುದು 2004ರ ಏಪ್ರಿಲ್ 1ರಿಂದ. ಅದಕ್ಕೆ ಹಿಂದಿನ ವ್ಯವಹಾರ ಕೈಬರಹದ ಸೂಚಿಗಳಲ್ಲಿ ಉಳಿಯಿತು.

ಜಯನಗರದ ಒಂದು ಮನೆ 1985ರಲ್ಲಿ ಕೊಂಡದ್ದು, ಆಮೇಲೆ ಮಾರಿಲ್ಲ, ಅಡವಿಟ್ಟಿಲ್ಲ ಎನ್ನೋಣ. ಗಣಕದ ಪ್ರಕಾರ ಆ ಮನೆಗೆ ಯಾವ ಚರಿತ್ರೆಯೂ ಇಲ್ಲ. ಹಾಗೆಂದು ಅದಕ್ಕೆ ಮಾಲೀಕರಿಲ್ಲ ಎಂದರ್ಥವಲ್ಲ. ಅವರ ಚರಿತ್ರೆ ಗೆರೆಯ ಆಚೆ ಬದಿಯಲ್ಲಿದೆ. ಸುಮ್ಮನೆ, ಪ್ರಾಮಾಣಿಕವಾಗಿ, ಒಂದೇ ಮನೆಯಲ್ಲಿ ನಲವತ್ತು ವರ್ಷ ಬಾಳಿದವರೇ ಈ ವ್ಯವಸ್ಥೆಯಲ್ಲಿ ಹೆಚ್ಚು ಅದೃಶ್ಯರು. ಇದರ ಮೇಲೆ ನಗರ ಬೆಳೆದಂತೆ ನೋಂದಣಿ ಕಚೇರಿಗಳ ವ್ಯಾಪ್ತಿಯೂ ಒಡೆದು ಹೊಸ ಕಚೇರಿಗಳಾದವು. ಈಗಿನ ಕಚೇರಿಯಲ್ಲಿ ಸಿಗದ ಪತ್ರ ಆ ಕಾಲದಲ್ಲಿ ವ್ಯಾಪ್ತಿ ಹೊಂದಿದ್ದ ಕಚೇರಿಯ ಸಂಪುಟದಲ್ಲಿ ಇರಬಹುದು.

ಇದನ್ನು ಸರ್ಕಾರಿ ಕಚೇರಿಯ ದಡ್ಡತನವೆಂದು ನಗುವ ಮುನ್ನ ಲಿನಕ್ಸ್‌ನ ಕಥೆ ಕೇಳಬೇಕು. ಜಗತ್ತಿನ ಅಸಂಖ್ಯ ಗಣಕಗಳನ್ನು ನಡೆಸುವ ಈ ತಂತ್ರಾಂಶದ ತಿರುಳು 2002ರಿಂದ ‘ಬಿಟ್‌ಕೀಪರ್’ ಎಂಬ ಖಾಸಗಿ ವ್ಯವಸ್ಥೆಯಲ್ಲಿ ಉಚಿತವಾಗಿ ದಾಖಲಾಗುತ್ತಿತ್ತು. 2005ರಲ್ಲಿ ಆ ಉಚಿತ ಪರವಾನಗಿ ರದ್ದಾಯಿತು. ಲಿನಸ್ ಟೋರ್ವಾಲ್ಡ್ಸ್ ಆ ಏಪ್ರಿಲ್‌ನಲ್ಲಿ ಕೆಲವೇ ದಿನಗಳಲ್ಲಿ ಗಿಟ್‌ನ ಮೊದಲ ರೂಪ ಬರೆದರು. ಲಿನಕ್ಸನ್ನು ಅದಕ್ಕೆ ಸಾಗಿಸುವಾಗ ಅವರು ಹಳೆಯ ಚರಿತ್ರೆಯನ್ನು ತರಲಿಲ್ಲ. ಅಂದಿನ ಸ್ಥಿತಿಯನ್ನು ಮಾತ್ರ ಇಟ್ಟು ಮುಂದುವರಿದರು. ಲಿನಕ್ಸ್‌ನ ಗಿಟ್ ಪುಸ್ತಕದ ಮೊದಲ ಪುಟ ಇಂದಿಗೂ 2005ರ ಏಪ್ರಿಲ್‌ನದೇ, ಲಿನಕ್ಸ್ 1991ರಲ್ಲೇ ಹುಟ್ಟಿದ್ದರೂ. ಹಿಂದಿನ ಚರಿತ್ರೆಯನ್ನು ಇತರರು ಆಮೇಲೆ ಬೇರೆ ಪುಸ್ತಕವಾಗಿ ಕಟ್ಟಿದರು. ಬೇಕಾದವರು ಎರಡನ್ನೂ ಜೋಡಿಸಿ ನೋಡಬಹುದು. ಒಂದು ವರ್ಷದ ಅಂತರದಲ್ಲಿ, ಒಂದೇ ಏಪ್ರಿಲ್ ತಿಂಗಳಲ್ಲಿ, ಕರ್ನಾಟಕದ ನೋಂದಣಿ ಇಲಾಖೆ ಮತ್ತು ಲಿನಕ್ಸ್ ಒಂದೇ ಬಗೆಯ ಗೆರೆ ಎಳೆದವು.

ಎಲ್ಲವನ್ನೂ ಹೊತ್ತು ತಂದವರು

ಚರಿತ್ರೆಯನ್ನು ಬಿಡಲೊಪ್ಪದವರೂ ಇದ್ದಾರೆ. ಆವೃತ್ತಿ ನಿಯಂತ್ರಣದ ಮೊದಲ ಪ್ರಸಿದ್ಧ ವ್ಯವಸ್ಥೆ ಎಸ್‌ಸಿಸಿಎಸ್, ಬೆಲ್ ಲ್ಯಾಬ್ಸ್‌ನಲ್ಲಿ 1972ರಲ್ಲಿ ಹುಟ್ಟಿತು. 1980ರ ದಶಕದಲ್ಲಿ ಆರ್‌ಸಿಎಸ್, ಸಿವಿಎಸ್ ಬಂದವು. 2004ರಲ್ಲಿ ‘ಸಬ್‌ವರ್ಷನ್’ ತನ್ನ ಮೊದಲ ಪೂರ್ಣ ಆವೃತ್ತಿ ಹೊರತಂದಿತು. ಸಿವಿಎಸ್ ಪ್ರತಿ ಕಡತದ ಚರಿತ್ರೆಯನ್ನು ಬಿಡಿಬಿಡಿಯಾಗಿ ಇಡುತ್ತಿತ್ತು. ಐದು ಕಡತಗಳನ್ನು ಒಟ್ಟಿಗೆ ತಿದ್ದಿದರೂ ಅವು ಒಂದೇ ಕೆಲಸದ ಭಾಗವೆಂಬ ನೆನಪು ಅದಕ್ಕಿರಲಿಲ್ಲ. ಸಬ್‌ವರ್ಷನ್‌ಗೆ ಸಾಗಿಸುವಾಗ, ಒಬ್ಬರೇ, ಒಂದೇ ಟಿಪ್ಪಣಿಯೊಂದಿಗೆ, ಹತ್ತಿರದ ಸಮಯದಲ್ಲಿ ಮಾಡಿದ ತಿದ್ದುಪಡಿಗಳು ಒಂದೇ ಇರಬೇಕೆಂದು ಊಹಿಸಿ ಜೋಡಿಸಬೇಕಾಯಿತು. ಸಬ್‌ವರ್ಷನ್‌ನಿಂದ ಗಿಟ್‌ಗೆ ಹೋಗುವಾಗ ಬೇರೆ ತೊಡಕು. ಅಲ್ಲಿ 1, 2, 3 ಎಂದು ಏರುತ್ತಿದ್ದ ಕ್ರಮಸಂಖ್ಯೆಗಳು ಇಲ್ಲಿಲ್ಲ. ಹಳೆಯ ದೂರುಗಳಲ್ಲಿ, ಟಿಪ್ಪಣಿಗಳಲ್ಲಿ ‘ಇಂಥ ಸಂಖ್ಯೆಯ ತಿದ್ದುಪಡಿ ನೋಡಿ’ ಎಂದು ಬರೆದದ್ದೆಲ್ಲ ವಿಳಾಸ ತಪ್ಪಿದ ಕಾಗದದಂತಾದವು. ಬಾಡಿಗೆಮನೆಗೆ ಹೊಸ ಸಂಖ್ಯೆ ಬಂದ ಮೇಲೆ ಹಳೆಯ ವಿಳಾಸಕ್ಕೆ ಬರುವ ಟಪಾಲಿನ ಗತಿಯೇ ಅದು.

ಕನ್ನಡಕ್ಕೂ ಇದರ ಬಿಸಿ ತಟ್ಟಿದೆ. ಲಿನಕ್ಸ್ ಗಣಕಗಳ ಪರದೆಯನ್ನು ಕನ್ನಡದಲ್ಲಿ ತೋರಿಸುವ ಗ್ನೋಮ್ ಯೋಜನೆಯಲ್ಲಿ ಕನ್ನಡವೂ ಸೇರಿ ಹತ್ತಾರು ಭಾಷೆಗಳ ಅನುವಾದ ಕಡತಗಳಿವೆ. ಈ ಯೋಜನೆ ಸಿವಿಎಸ್‌ನಿಂದ ಸಬ್‌ವರ್ಷನ್‌ಗೆ, ಅಲ್ಲಿಂದ 2009ರ ಏಪ್ರಿಲ್‌ನಲ್ಲಿ ಗಿಟ್‌ಗೆ ಸಾಗಿತು. ತಂತ್ರಜ್ಞರಿಗೆ ಅನುಕೂಲವಾದದ್ದು ಅನುವಾದಕರಿಗೆ ಹೊರೆಯಾಯಿತು. ಒಂದು ಕಡತದ ನಾಲ್ಕು ಸಾಲು ತಿದ್ದಲು ಹೊಸ ಆಜ್ಞೆಗಳನ್ನು ಕಲಿಯಬೇಕಾಯಿತು. ಮುಂದೆ ಅನುವಾದಕರು ಜಾಲತಾಣಕ್ಕೆ ಕಡತ ಏರಿಸಿದರೆ ಸಾಕು, ಗಿಟ್‌ಗೆ ಸೇರಿಸುವ ಕೆಲಸವನ್ನು ಅದೇ ಮಾಡುವಂಥ ಏರ್ಪಾಡು ಬಂತು. ಹೊಸ ವ್ಯವಸ್ಥೆಯ ಬೆಲೆಯನ್ನು ಅದನ್ನು ಆರಿಸಿದವರಿಗಿಂತ ಹೆಚ್ಚಾಗಿ ಅದನ್ನು ಅಪರೂಪಕ್ಕೆ ಬಳಸುವವರು ತೆರುತ್ತಾರೆ ಎಂಬುದು ಇಲ್ಲಿ ಕಾಣುತ್ತದೆ. ಖಾತೆಯ ಸಾಲಿನಲ್ಲಿ ನಿಂತ ನಿವೃತ್ತ ಶಿಕ್ಷಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಖಾತೆ ಹೊಸ ಪುಸ್ತಕಕ್ಕೆ

2007ರಲ್ಲಿ ಹಳೆಯ ಮಹಾನಗರ ಪಾಲಿಕೆಯ 100 ವಾರ್ಡುಗಳ ಜತೆ ಬೊಮ್ಮನಹಳ್ಳಿಯೂ ಸೇರಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳು ಕೂಡಿ ಬಿಬಿಎಂಪಿ ಆಯಿತು. ಪ್ರತಿಯೊಂದರ ಖಾತೆ ಪುಸ್ತಕದ ರೀತಿಯೂ ಬೇರೆಯಾಗಿತ್ತು. ಆಸ್ತಿಗೆ ಕೊಡುತ್ತಿದ್ದ ಪಿಐಡಿ ಸಂಖ್ಯೆಯಲ್ಲಿ ವಾರ್ಡ್, ರಸ್ತೆ, ನಿವೇಶನ ಎಂಬ ಭಾಗಗಳಿದ್ದವು. 2010ರ ಚುನಾವಣೆಯ ಹೊತ್ತಿಗೆ ವಾರ್ಡುಗಳು 198 ಆದವು. ಗುರುತಿನ ಸಂಖ್ಯೆಯೊಳಗೆ ಬದಲಾಗುವ ಸಂಗತಿಯನ್ನು ಇಟ್ಟರೆ ಏನಾಗುತ್ತದೆಂಬುದಕ್ಕೆ ಇದೊಂದು ಪಾಠ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ಪಾಲಿಕೆಗಳಾದವು.

ಅದಕ್ಕೆ ಒಂದು ವರ್ಷ ಮೊದಲು, 2024ರ ಅಕ್ಟೋಬರ್‌ನಲ್ಲಿ, ಬಿಬಿಎಂಪಿ 20 ಲಕ್ಷಕ್ಕೂ ಹೆಚ್ಚು ಆಸ್ತಿಗಳ ಕರಡು ಇ-ಖಾತೆಗಳನ್ನು ಅಂತರಜಾಲದಲ್ಲಿ ಇಟ್ಟಿತು. ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. ನೋಂದಣಿ ಕಚೇರಿಯ ಸರಣಿ ಲೆಕ್ಕ ಮತ್ತು ಪಾಲಿಕೆಯ ಇಂದಿನ ಸ್ಥಿತಿ ಮೊದಲ ಬಾರಿಗೆ ಮುಖಾಮುಖಿಯಾಗಿ ಕುಳಿತವು. ಸುಳ್ಳು ಖಾತೆ ತೋರಿಸಿ ಒಂದೇ ನಿವೇಶನವನ್ನು ಇಬ್ಬರಿಗೆ ಮಾರುವ ಮೋಸಕ್ಕೆ ತಡೆ ಹಾಕುವ ಉದ್ದೇಶ ಒಳ್ಳೆಯದೇ. ಆದರೆ ಹೊಂದಾಣಿಕೆಯ ಹೊಣೆ ಮಾಲೀಕರ ಮೇಲೆ ಬಿತ್ತು. ಪತ್ರದಲ್ಲಿ ಪೂರ್ಣ ಹೆಸರು, ಖಾತೆಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಇನ್ನೊಂದು ಕಾಗುಣಿತ ಇದ್ದರೆ ಮೂವರೂ ಒಬ್ಬರೇ ಎಂದು ತೋರಿಸಬೇಕು. ಗಿಟ್‌ಗೆ ಹೋಗುವವರು ಮೊದಲು ತಯಾರಿಸುವ ಪಟ್ಟಿಯೂ ಇದೇ. ಹಳೆಯ ವ್ಯವಸ್ಥೆಯ ಯಾವ ಗುರುತುಹೆಸರು ಯಾವ ವ್ಯಕ್ತಿಯದು ಎಂದು ಬರೆದಿಟ್ಟುಕೊಂಡೇ ಅವರು ಕೆಲಸಕ್ಕೆ ಇಳಿಯುತ್ತಾರೆ. ಅಲ್ಲಿ ಆ ಪಟ್ಟಿಯನ್ನು ಕಂಪನಿ ಮಾಡುತ್ತದೆ. ಇಲ್ಲಿ ಪ್ರತಿಯೊಂದು ಮನೆಯೂ ಮಾಡಬೇಕಾಗಿದೆ.

ಯಾವ ಸ್ಥಳಾಂತರದಿಂದಲೂ ಸರಿಹೋಗದ ಇನ್ನೊಂದು ಕೊರತೆಯಿದೆ. ದಾಖಲಾಗದೇ ಹೋದ ಬದಲಾವಣೆಯನ್ನು ಯಾವ ಯಂತ್ರವೂ ತರಲಾರದು. ಅಜ್ಜ ತೀರಿಕೊಂಡು ಮೂವತ್ತು ವರ್ಷವಾದರೂ ಪೌತಿ ಖಾತೆ ಮಾಡಿಸದ ಮನೆ, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡ ಮಹಡಿಗಳು, ನೋಂದಣಿಯಾಗದ ಕರಾರುಗಳು ಋಣಭಾರ ಪತ್ರದಲ್ಲಿ ಕಾಣುವುದಿಲ್ಲ. ಮನೆಯವರಿಗೆಲ್ಲ ಗೊತ್ತಿರುವ ಸತ್ಯ ಪುಸ್ತಕಕ್ಕೆ ಮಾತ್ರ ಗೊತ್ತಿಲ್ಲ. ಪುಸ್ತಕ ಒಂದೇ ಊರಿನಲ್ಲಿ, ಪರಿಚಿತರ ಕೈಯಲ್ಲಿ ಇರುವವರೆಗೆ ಅದು ನಡೆಯುತ್ತಿತ್ತು. ಹೊಸ ವ್ಯವಸ್ಥೆಗೆ ಪರಿಚಯದ ದಾಕ್ಷಿಣ್ಯವಿಲ್ಲ.

ಹಿಂದಿನದನ್ನು ಜೋಡಿಸುವ ಕೆಲಸವೂ ಶುರುವಾಗಿದೆ. ‘ಕಾವೇರಿ’ 2023ರಲ್ಲಿ ತನ್ನ ಎರಡನೇ ರೂಪಕ್ಕೆ ಬಂತು. ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿನ ಹಳೆಯ ಕಂದಾಯ ಕಡತಗಳನ್ನು ಪುಟ ಪುಟವಾಗಿ ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆ 2024ರಲ್ಲಿ ಆರಂಭವಾಯಿತು. ಲಿನಕ್ಸ್‌ನ ಹಳೆಯ ಚರಿತ್ರೆಯನ್ನು ಬೇರೆ ಪುಸ್ತಕವಾಗಿ ಕಟ್ಟಿದಂತೆಯೇ ಇದೂ. ಮೊದಲು ಇಂದಿನ ಸ್ಥಿತಿಯನ್ನು ಸಾಗಿಸಿ, ಹಿಂದಿನದನ್ನು ನಿಧಾನವಾಗಿ ಜೋಡಿಸುವ ಕ್ರಮ. ಆದರೆ ಸ್ಕ್ಯಾನ್ ಮಾಡಿದ ಚಿತ್ರ ಹುಡುಕಲು ಬರುವ ದಾಖಲೆಯಾಗಬೇಕಾದರೆ, ಮೋಡಿ ಅಕ್ಷರದಲ್ಲಿ ಬರೆದ ಹೆಸರುಗಳನ್ನು ಓದಬಲ್ಲವರು ಕುಳಿತು ಸೂಚಿ ತಯಾರಿಸಬೇಕು. ಹಳೆಯ ಕೈಬರಹ ಓದಬಲ್ಲವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.

ಅಲ್ಲಿಯವರೆಗೆ ದಕ್ಷಿಣ ಬೆಂಗಳೂರಿನ ಮನೆಗಳ 2004ಕ್ಕೆ ಹಿಂದಿನ ಚರಿತ್ರೆಗೆ ದೊಡ್ಡ ಆಧಾರ ಬೀರುವಿನೊಳಗಿನ ಕಾಗದಗಳೇ. ಹಂಚಿಕೆ ಪತ್ರ, ಗುತ್ತಿಗೆ ಸಹಿತ ಕ್ರಯ ಕರಾರು, ಸ್ವಾಧೀನ ಪತ್ರ, ಹಳೆಯ ಕಂದಾಯ ರಸೀದಿ, ಕೈಬರಹದ ಇ.ಸಿ. ಇವನ್ನು ಹೊಸ ಇ-ಖಾತೆ ಬಂತೆಂದು ರದ್ದಿಗೆ ಹಾಕುವಂತಿಲ್ಲ. ಹೊಸ ಪುಸ್ತಕದ ಮೊದಲ ಪುಟದಲ್ಲಿ ಬರೆದದ್ದು ಸರಿಯೇ ಎಂದು ನಾಳೆ ಯಾರಾದರೂ ಕೇಳಿದರೆ, ಉತ್ತರ ಇರುವುದು ಹಳೆಯ ಪುಸ್ತಕದ ಕೊನೆಯ ಪುಟದಲ್ಲಿ.